ವೇದಿಕೆ ಇಳಿದ ಮೇಲೆ ಮಾತಿಲ್ಲ

ಆ ಊರಿನಲ್ಲಿ ಹಾಡು ಕೇಳುವ ಚಟವಿದ್ದವರಿಗೆಲ್ಲ ಅಕ್ಕ-ತಂಗಿ ಜೋಡಿ ಗೊತ್ತಿತ್ತು. ಅವರಿಬ್ಬರೂ ವೇದಿಕೆ ಇಳಿದ ಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ ಅನ್ನುವುದು ಮಾತ್ರ ಬಹಳ ಜನಕ್ಕೆ ಗೊತ್ತಿರಲಿಲ್ಲ.

ರೈಲ್ವೆ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಕಾಲಕ್ಕೆ ಮುದ್ರಣಾಲಯವಾಗಿದ್ದ ಕಟ್ಟಡವೇ ಅವರ ಖಾಯಂ ಜಾಗ. ಯಂತ್ರಗಳನ್ನೆಲ್ಲ ಗುಜರಿಗೆ ಹಾಕಿದ ಮೇಲೆ ಅಲ್ಲಿ ಕುರ್ಚಿಗಳು ಬಂದವು, ಸ್ಪೀಕರುಗಳು ಬಂದವು, ಬಾಗಿಲಲ್ಲಿ ಟಿಕೆಟ್ ಹರಿಯುವ ಮೇಜು ಬಂತು. ನೆಲದ ಮಸಿ ಕಲೆ ಎಷ್ಟು ತಿಕ್ಕಿದರೂ ಹೋಗಲಿಲ್ಲ. ನಟ್ಟನಡುವಿನ ಕಬ್ಬಿಣದ ಕಂಬ ತೆಗೆದರೆ ಚಾವಣಿ ಕುಸಿಯುತ್ತದೆಂದು ಅದನ್ನೂ ಹಾಗೇ ಬಿಟ್ಟಿದ್ದರು. ಆ ಕಂಬದ ದೆಸೆಯಿಂದ ಹಿಂದೆ ಎಡಗಡೆ ಕೂತವರಿಗೆ ಅಕ್ಕ ಮಾತ್ರ ಕಾಣುತ್ತಿದ್ದಳು, ಬಲಗಡೆ ಕೂತವರಿಗೆ ತಂಗಿ ಮಾತ್ರ. ಹೀಗಾಗಿ ಅಕ್ಕನ ಕಡೆಯವರು, ತಂಗಿಯ ಕಡೆಯವರು ಎಂದು ಕೇಳುಗರಲ್ಲೇ ಎರಡು ಪಂಗಡವಾಗಿತ್ತು. ಜಾಗದ ಯಜಮಾನಿಯನ್ನು ಎಲ್ಲರೂ ಕತ್ತರಿ ಮೇಡಂ ಅನ್ನುತ್ತಿದ್ದರು. ಹೊತ್ತು ಮೀರಿದರೆ ಯಾರು ಹಾಡುತ್ತಿದ್ದರೂ ಸರಿ, ಹಾಡಿನ ನಡುವೆಯೇ ಮೈಕು ಆರಿಸಿಬಿಡುವ ಹೆಂಗಸು.

ಅಕ್ಕನಿಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಅವ್ವ ಬಟ್ಟೆ ಒಗೆಯುವ ಕಾರ್ಖಾನೆಗೆ ಹೋದಾಗ ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ, ಸ್ವರ ಹೇಳಿಕೊಟ್ಟವಳೂ ಅವಳೇ. ತಂಗಿ ಶ್ರುತಿ ಬಿಟ್ಟರೆ ಬಾಯಲ್ಲಿ ಹೇಳದೆ ತೋರುಬೆರಳು ಎತ್ತುವುದು ಆಗ ಬಂದ ರೂಢಿ. ಇಬ್ಬರೂ ಹೆಸರು ಮಾಡಿದ ಮೇಲೂ, ತಂಗಿಗೆ ಮದುವೆಯಾದ ಮೇಲೂ ಆ ಬೆರಳು ಏಳುವುದು ನಿಲ್ಲಲಿಲ್ಲ. ಜನ ಅದನ್ನು ಹಾಡಿನ ಅಭಿನಯವೆಂದುಕೊಂಡು ತಲೆದೂಗುತ್ತಿದ್ದರು. ತಂಗಿಗೆ ಮಾತ್ರ ಅದು ತುಂಬಿದ ಸಭೆಯಲ್ಲಿ ಕೆನ್ನೆಗೆ ಬಾರಿಸಿದ ಹಾಗೆ ಆಗುತ್ತಿತ್ತು.

ಒಂದು ಶನಿವಾರ ಸಂಜೆ ಹಾಡಿನ ನಡುವೆ ಬೆರಳು ಎದ್ದಿತು. ತಂಗಿ ನಗುನಗುತ್ತಲೇ ಅದನ್ನು ಹಿಡಿದುಕೊಂಡಳು. ನಗುನಗುತ್ತಲೇ ಹಿಂದಕ್ಕೆ ಬಾಗಿಸಿದಳು. ಅಕ್ಕ ಒಂದು ಸ್ವರವನ್ನೂ ತಪ್ಪಿಸಲಿಲ್ಲ, ಕಣ್ಣಲ್ಲಿ ನೀರು ಮಾತ್ರ ಬಂತು. ಜನ ಆ ನೀರಿಗೂ ಚಪ್ಪಾಳೆ ತಟ್ಟಿದರು. ಬೆರಳು ಊದಿಕೊಂಡು ಬದನೆಕಾಯಿಯಾಯಿತು. ಆವತ್ತು ನಿಂತ ಮಾತು ಮತ್ತೆ ಶುರುವಾಗಲೇ ಇಲ್ಲ.

ಆಮೇಲಿನ ವರ್ಷಗಳಲ್ಲಿ ಅವರ ನಡುವಿನ ಮಾತನ್ನೆಲ್ಲ ಹೊತ್ತು ತಿರುಗಿದವನು ಸೋದರಮಾವ. ಅವರ ಹಿಂದೆ ಕೂತು ಡ್ರಮ್ಸ್ ಬಾರಿಸುತ್ತಿದ್ದವನೂ ಅವನೇ. ಬಣ್ಣದ ಕೋಣೆ ಇದ್ದದ್ದು ಒಂದೇ. ಇಬ್ಬರೂ ಒಂದೇ ಕನ್ನಡಿಯ ಮುಂದೆ ಕೂತಿರುವಾಗ ಒಬ್ಬಳು, ‘ಮಾವ, ಎರಡನೇ ಹಾಡು ಬದಲಾಯಿಸಬೇಕು ಅಂತ ಹೇಳು’ ಎಂದರೆ, ಕೈಗೆಟಕುವ ದೂರದಲ್ಲಿದ್ದವಳಿಗೆ ಅವನು ಅದನ್ನು ಇನ್ನೊಂದು ಸಲ ಹೇಳಬೇಕಿತ್ತು. ಡ್ರಮ್ಸ್ ಬಾರಿಸುವುದಕ್ಕಿಂತ ಇದೇ ದಣಿವು ಎಂದು ಅವನು ಕತ್ತರಿ ಮೇಡಂ ಹತ್ತಿರ ಗೋಳು ತೋಡಿಕೊಳ್ಳುತ್ತಿದ್ದ.

ಇಷ್ಟಿದ್ದರೂ ಹಾಡು ಮಾತ್ರ ಹದಗೆಡಲಿಲ್ಲ. ಅವರ ದಡದ ಹಾಡು ಊರಿಗೆಲ್ಲ ಬಾಯಿಪಾಠ. ಅದರಲ್ಲಿ ತಂಗಿ ದೋಣಿಯಾಗಿ ಮೇಲಿನ ಸ್ಥಾಯಿಯಲ್ಲಿ ಕರೆಯುತ್ತಾಳೆ, ಅಕ್ಕ ದಡವಾಗಿ ಕೆಳಗಿನಿಂದ ಉತ್ತರ ಕೊಡುತ್ತಾಳೆ. ಅಕ್ಕನೇ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಕಟ್ಟಿದ ಹಾಡು ಅದು.

ಹೀಗಿರುವಾಗ ಒಂದು ಬೆಳಿಗ್ಗೆ ತರಕಾರಿ ತರಲು ಹೋದ ಅಕ್ಕ ಗೋಡೆಯ ಮೇಲೆ ಪೋಸ್ಟರ್ ಕಂಡಳು. ಹೊರವಲಯದ ದೊಡ್ಡ ರಸ್ತೆಯಲ್ಲಿ ಹೊಸದಾಗಿ ಕಟ್ಟಿದ ಗಾಜಿನ ಸಭಾಂಗಣದಲ್ಲಿ ತಂಗಿಯ ಕಾರ್ಯಕ್ರಮ. ತಂಗಿಯದು ಮಾತ್ರ. ಹಳೆಯ ಜೋಡಿ ಫೋಟೋದಿಂದ ಅಕ್ಕನನ್ನು ಕತ್ತರಿಸಿ ತೆಗೆದಿದ್ದರು. ಕತ್ತರಿಸಿದವನಿಗೆ ಆತುರವಿತ್ತೋ ಏನೋ, ತಂಗಿಯ ಹೆಗಲ ಮೇಲೆ ಅಕ್ಕನ ನಾಲ್ಕು ಬೆರಳು ಹಾಗೇ ಉಳಿದಿದ್ದವು. ಅಕ್ಕನ ಮೈಯೆಲ್ಲ ಉರಿದುಹೋಯಿತು. ತರಕಾರಿಯವಳು, ಇದೇನಕ್ಕ ನೀವು ಕಾಣ್ತಿಲ್ಲ ಎಂದು ಕೇಳಿಯೂ ಬಿಟ್ಟಳು. ಅಕ್ಕ ಚೀಲವನ್ನು ಅಲ್ಲೇ ಬಿಟ್ಟು ನೇರ ತಂಗಿಯ ಮನೆಗೆ ನಡೆದಳು.

ತಂಗಿಯ ಮನೆ ಮೂರನೇ ಮಹಡಿ. ಬಾಗಿಲು ತೆಗೆದವನು ತಂಗಿಯ ಗಂಡ. ಹೆಂಡತಿಯ ಕಾರ್ಯಕ್ರಮಗಳನ್ನು ಗೊತ್ತುಮಾಡುವುದೇ ಅವನ ಕಸುಬು. ಅತ್ತಿಗೆಯ ಮುಖ ನೋಡಿದವನೇ ಎರಡು ಹೆಜ್ಜೆ ಹಿಂದೆ ಸರಿದ. ತಂಗಿ ಅಡುಗೆಮನೆಯಿಂದ ಆಚೆ ಬರಲಿಲ್ಲ. ಅಲ್ಲಿಂದಲೇ ಗಂಡನನ್ನು ಕೂಗಿ ಕೇಳಿದಳು: “ಏನ್ರೀ, ಯಾರೋ ಬಂದಹಾಗಿದೆ. ಏನು ಬೇಕಂತೆ?”

ಅಕ್ಕ ಅವನ ಕಡೆಗೇ ತಿರುಗಿ ಹೇಳಿದಳು: “ಆ ಹಾಡುಗಳಲ್ಲಿ ಅರ್ಧ ನನ್ನವು. ಅದನ್ನ ಯಾರ ಕೈಲಿ ಹಾಡಿಸ್ತಾಳೆ ಅಂತ ಕೇಳಿ.”

“ಅವರ ಅರ್ಧ ಅವರೇ ಇಟ್ಕೊಳ್ಳಲಿ ಅಂತ ಹೇಳ್ರೀ. ನನಗೆ ಹಾಡೋರು ಬೇಕಾದಷ್ಟು ಜನ ಇದ್ದಾರೆ.”

“ಕಣ್ಣೆದುರು ನಿಂತು ಹೇಳೋ ಧೈರ್ಯ ಇಲ್ವಂತಾ?”

ಒಳಗೆ ಪಾತ್ರೆ ಕುಕ್ಕಿದ ಸದ್ದಾಯಿತು. ನಡುವೆ ನಿಂತ ಗಂಡ ಎರಡೂ ಕಡೆಗೆ ಹುಳ್ಳಗೆ ನಗುತ್ತ, ಅತ್ತಿಗೆ ಕೂತ್ಕೊಳ್ಳಿ, ನೀರು ಕುಡೀರಿ ಎಂದು ಏನೇನೋ ಅಂದ. ಅಕ್ಕ ಕೂರಲಿಲ್ಲ. ಮೆಟ್ಟಿಲಿಳಿಯುವಾಗ ಮಾವ ಡ್ರಮ್ಮಿನ ಕಡ್ಡಿಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಮೇಲೆ ಬರುತ್ತಿದ್ದ. ಅಭ್ಯಾಸಕ್ಕೆ ಬಂದಿದ್ದನೆಂದು ಅವನ ಮುಖವೇ ಹೇಳಿತು. ನನಗೆ ಇಬ್ಬರೂ ಅಕ್ಕನ ಮಕ್ಕಳೇ ಕಣಮ್ಮ, ಕರೆದವರ ಹತ್ತಿರ ಹೋಗ್ತೀನಿ ಎಂದು ತೊದಲಿದ. ಅಕ್ಕ ಗೋಡೆಗೆ ಸರಿದು ದಾರಿ ಬಿಟ್ಟಳು. ಅವನ ಜೊತೆಗೂ ಮಾತು ನಿಂತಿತು.

ಕತ್ತರಿ ಮೇಡಂ ತಿಳಿಹೇಳಿದಳು. ಅವಳು ಅಲ್ಲಿ ಹಾಡಲಿ, ನೀನು ಇಲ್ಲಿ ಹಾಡು, ಜನ ನಿನ್ನನ್ನೇನು ಮರೆತುಬಿಡಲ್ಲ ಎಂದಳು. ಅಕ್ಕ ಸೊಪ್ಪು ಹಾಕಲಿಲ್ಲ. ತಂಗಿಯ ಕಾರ್ಯಕ್ರಮಕ್ಕೆ ತಾನೇ ಹೋಗಿ ಟಿಕೆಟ್ ಕೊಂಡು ತಂದಳು, ಮುಂದಿನಿಂದ ಮೂರನೇ ಸಾಲಿನದು. ಅಲ್ಲಿ ಹೋಗಿ ಏನು ಮಾಡಬೇಕೆಂದು ಅವಳಿಗೂ ಪೂರ್ತಿ ಗೊತ್ತಿರಲಿಲ್ಲ. ಸುಮ್ಮನೆ ಎದುರಿಗೆ ಕೂತು ದುರುಗುಟ್ಟಿ ನೋಡಿದರೇ ಸಾಕು, ಅವಳ ಗಂಟಲು ಕಟ್ಟುತ್ತದೆ ಎಂದುಕೊಂಡಳು.

ಗಾಜಿನ ಸಭಾಂಗಣದ ಬಾಗಿಲಲ್ಲಿ ಸಮವಸ್ತ್ರದ ಹುಡುಗಿ ಅವಳ ಚೀಲ ತಡಕಾಡಿ, ಗಂಟಲಿಗೆಂದು ಇಟ್ಟುಕೊಂಡಿದ್ದ ಕಲ್ಲುಸಕ್ಕರೆಯ ಪೊಟ್ಟಣವನ್ನು ಬೆಳಕಿಗೆ ಹಿಡಿದು ನೋಡಿ, ಇದನ್ನ ಒಳಗೆ ಬಿಡಲ್ಲ ಎಂದು ಕಿತ್ತುಕೊಂಡಳು. ಒಳಗೆ ಮೆತ್ತನೆಯ ಕುರ್ಚಿಗಳು, ಕಾಲ ಕೆಳಗೆ ಜಮಖಾನ, ಎಲ್ಲೂ ಒಂದು ಕಂಬವಿಲ್ಲ. ಯಾರು ಎಲ್ಲಿ ಕೂತರೂ ವೇದಿಕೆ ಪೂರ್ತಿ ಕಾಣುತ್ತಿತ್ತು. ಅದನ್ನು ಕಂಡು ಅಕ್ಕನಿಗೆ ಇನ್ನಷ್ಟು ಹೊಟ್ಟೆ ಉರಿಯಿತು. ಅಕ್ಕಪಕ್ಕದವರು ಯಾರೂ ಅವಳ ಗುರುತು ಹಿಡಿಯಲಿಲ್ಲ. ದೀಪವಿಲ್ಲದ ಕಡೆ, ಮುಖಕ್ಕೆ ಬಣ್ಣವಿಲ್ಲದೆ, ಮನೆಯಲ್ಲಿ ಉಡುವ ಬಟ್ಟೆಯಲ್ಲಿ ಅವಳನ್ನು ಅವರು ಯಾವತ್ತೂ ಕಂಡಿರಲಿಲ್ಲ.

ತಂಗಿ ಬಂದಳು, ಹಾಡಿದಳು. ಚೆನ್ನಾಗಿಯೇ ಹಾಡಿದಳು, ಅದೇ ಅಕ್ಕನಿಗೆ ತಡೆಯಲಾಗಲಿಲ್ಲ. ಎಲ್ಲಾದರೂ ಜಾರುತ್ತಾಳೇನೋ ಎಂದು ಕಿವಿ ನೆಟ್ಟು ಕೂತವಳಿಗೆ ಒಂದೆರಡು ಕಡೆ ಕೂದಲೆಳೆಯಷ್ಟು ಸಡಿಲ ಸಿಕ್ಕಿತು, ಅಷ್ಟೇ. ಅದು ಬೇರೆ ಯಾರಿಗೂ ಬೇಕಾಗಿರಲಿಲ್ಲ. ಅವಳ ದುರುಗುಟ್ಟುವ ಕಣ್ಣು ತಂಗಿಗೆ ಕಾಣುತ್ತಲೂ ಇರಲಿಲ್ಲ. ವೇದಿಕೆಯ ದೀಪಗಳು ಅಷ್ಟು ಪ್ರಖರವಾಗಿದ್ದವು.

ಕೊನೆಗೆ ದಡದ ಹಾಡು ಬಂತು. ತಂಗಿ ದೋಣಿಯ ಸಾಲು ಹಾಡಿದಳು. ಅಕ್ಕನ ಉತ್ತರ ಬರಬೇಕಾದ ಜಾಗದಲ್ಲಿ ಮೈಕನ್ನು ಜನರ ಕಡೆ ಚಾಚಿದಳು. ಸಭಾಂಗಣಕ್ಕೆ ಸಭಾಂಗಣವೇ ಅಕ್ಕನ ಸಾಲನ್ನು ಎತ್ತಿಕೊಂಡಿತು. ಒಬ್ಬರು ಮೇಲೆ, ಒಬ್ಬರು ಕೆಳಗೆ, ಅರ್ಧ ಜನಕ್ಕೆ ತಾಳವಿಲ್ಲ, ಇನ್ನರ್ಧಕ್ಕೆ ಮಾತು ನೆನಪಿಲ್ಲ. ತಂಗಿ ಕಣ್ಣು ಮುಚ್ಚಿ ನಗುತ್ತಿದ್ದಳು.

ಅಕ್ಕ ಎದ್ದು ನಿಂತಳು. ಎರಡನೇ ಸಲ ಮೈಕು ಜನರ ಕಡೆ ತಿರುಗಿದಾಗ ಎದೆಯಲ್ಲಿದ್ದ ಗಾಳಿಯನ್ನೆಲ್ಲ ಸೇರಿಸಿ ತನ್ನ ಸಾಲನ್ನು ತಾನೇ ಹಾಡಿದಳು.

ಅವಳು ಅಂದುಕೊಂಡಹಾಗೆ ಆಗಲಿಲ್ಲ. ಮೈಕಿಲ್ಲದ ದನಿ ಅಷ್ಟು ದೊಡ್ಡ ಜಾಗದಲ್ಲಿ ನಾಲ್ಕು ಸಾಲು ದಾಟಲಿಲ್ಲ. ಪಕ್ಕದ ಮುದುಕ ಅವಳ ಸೆರಗು ಜಗ್ಗಿ, “ಕೂತ್ಕೊಳ್ಳಮ್ಮ, ನಿನ್ನ ಹಾಡು ಕೇಳೋಕೆ ಬಂದಿಲ್ಲ ನಾವು” ಎಂದ. ಹಿಂದಿನವರು ಶ್ ಎಂದರು. ಕಾವಲಿನವರಿಬ್ಬರು ಕುರ್ಚಿಗಳ ನಡುವೆ ನುಗ್ಗಿಬಂದು ಅವಳ ತೋಳು ಹಿಡಿದರು. ಅವಳು ಹಾಡು ನಿಲ್ಲಿಸಲಿಲ್ಲ. ಎಳೆದರೂ ನಿಲ್ಲಿಸಲಿಲ್ಲ. ಒಬ್ಬನ ಪಕ್ಕೆಗೆ ಮೊಣಕೈಯಿಂದ ತಿವಿದಳು, ಒಂದು ಚಪ್ಪಲಿ ಕಳಚಿಕೊಂಡು ಯಾರದೋ ಕಾಲ ಕೆಳಗೆ ಹೋಯಿತು.

ವೇದಿಕೆಯ ಮೇಲೆ ತಂಗಿ ಕಣ್ಣು ತೆರೆದಳು. ಆ ದನಿಯನ್ನು ಅವಳು ಸಂತೆಯಲ್ಲಿ ಕೇಳಿದರೂ ಹಿಡಿಯುತ್ತಿದ್ದಳು. ದೀಪದ ಬೆಳಕಿಗೆ ಕೈ ಅಡ್ಡ ಹಿಡಿದು, ಕಾವಲಿನವರು ಎಳೆದೊಯ್ಯುವುದನ್ನು ನೋಡುತ್ತ ನಿಂತಳೇ ಹೊರತು ಒಂದು ಮಾತೂ ಆಡಲಿಲ್ಲ. ಅಕ್ಕನಿಗೆ ಅದು ಚೆನ್ನಾಗಿ ಕಂಡಿತು. ಅಷ್ಟರಲ್ಲಿ ಯಾರೋ ಹೆಂಗಸು, “ಅಯ್ಯೋ, ಅದು ಅಕ್ಕ ಕಣ್ರೀ” ಎಂದಳು. ಆ ಮಾತು ಸಾಲಿಂದ ಸಾಲಿಗೆ ಹಬ್ಬಿತು. ದೀಪದವನು ಬೆಳಕನ್ನು ತಂದು ಅವಳ ತಲೆಯ ಮೇಲೆ ಬಿಟ್ಟ. ಜನ ಎದ್ದು ನಿಂತು ಅಕ್ಕ, ಅಕ್ಕ ಎಂದು ಕೂಗತೊಡಗಿದರು.

ತಂಗಿಗೆ ಬೇರೆ ದಾರಿ ಉಳಿಯಲಿಲ್ಲ. ಮೈಕಿನಲ್ಲಿ, “ಬಿಡಿ ಅವರನ್ನ. ನಮ್ಮ ಅಕ್ಕ” ಎಂದಳು. ನಮ್ಮ ಮನೆ ಸೋರುತ್ತೆ ಎಂದು ಒಪ್ಪಿಕೊಳ್ಳುವವರ ದನಿಯಲ್ಲಿ ಹೇಳಿದಳು. ಜನಕ್ಕೆ ಅದು ಬೇರೆಯಾಗಿಯೇ ಕೇಳಿಸಿತು. ಅಷ್ಟು ಹೊತ್ತು ಶ್ ಎಂದವರೇ ಅಕ್ಕನನ್ನು ಕೈಹಿಡಿದು ದಾಟಿಸಿ, ಒಂದೇ ಚಪ್ಪಲಿಯಲ್ಲಿ ವೇದಿಕೆ ಹತ್ತಿಸಿದರು.

ಇಬ್ಬರೂ ಅಕ್ಕಪಕ್ಕ ನಿಂತರು. ತಂಗಿ ಮೈಕನ್ನು ಬೆನ್ನ ಹಿಂದೆ ಹಿಡಿದು, ತುಟಿಯ ಮೇಲಿನ ನಗು ಕದಲದ ಹಾಗೆ ಹೇಳಿದಳು:

“ಇಳಿದು ಹೋಗು.”

“ಹಾಡಿ ಹೋಗ್ತೀನಿ.”

“ನಾಚಿಕೆ ಆಗಲ್ವಾ ನಿನಗೆ?”

“ನನ್ನ ಪಾಲಿನ ನಾಚಿಕೆನೂ ನೀನೇ ತಿಂದು ತೇಗಿದ್ದೀಯಲ್ಲ, ನನಗೆಲ್ಲಿಂದ ಬರಬೇಕು?”

ಹಿಂದೆ ಡ್ರಮ್ಸ್ ಮುಂದೆ ಕೂತ ಮಾವನಿಗೆ ಮಾತೆಲ್ಲ ಕೇಳಿಸಿತು. ಇದನ್ನು ಯಾರಿಗೂ ದಾಟಿಸುವ ಕೆಲಸವಿರಲಿಲ್ಲವಾದ್ದರಿಂದ, ಏನಾದರಾಗಲಿ ಎಂದು ತಾಳ ಶುರುಮಾಡಿದ.

ಇದ್ದದ್ದು ಒಂದೇ ಮೈಕು. ತಂಗಿ ಕೊಡಲೊಲ್ಲಳು, ಅಕ್ಕ ಬಿಡಲೊಲ್ಲಳು. ಎರಡು ಕೈಗಳು ಅದರ ಮೇಲೆ ಬಿಗಿದುಕೊಂಡವು. ಕೆಳಗಿದ್ದವರಿಗೆ ಅಕ್ಕತಂಗಿಯರು ಕೈ ಕೈ ಹಿಡಿದಂತೆ ಕಂಡಿತು. ತಂಗಿಯ ಉಗುರು ಅಕ್ಕನ ಹೆಬ್ಬೆರಳ ಬುಡಕ್ಕೆ ಇಳಿದಿದ್ದು ಕಾಣಲಿಲ್ಲ. ತಂಗಿ ಬೇಕೆಂದೇ ಎಂದಿಗಿಂತ ಎತ್ತರದಲ್ಲಿ ಹಾಡು ಎತ್ತಿದಳು, ಅಕ್ಕನ ದನಿ ಒಡೆಯಲಿ ಎಂದು. ಅಕ್ಕ ತನ್ನ ಉತ್ತರವನ್ನು ಎಂದಿಗಿಂತ ನಿಧಾನಕ್ಕೆ ಎಳೆದಳು, ತಂಗಿಯ ಉಸಿರು ಮುಗಿಯಲಿ ಎಂದು. ದೋಣಿ ಕರೆದರೆ ದಡ ಗದರಿತು, ದಡ ಗದರಿದರೆ ದೋಣಿ ಚೀರಿತು. ಮಾವ ಯಾರ ತಾಳಕ್ಕೆ ಹೋಗಲಿ ಎಂದು ತಿಳಿಯದೆ ಬೆವರಿ ನೀರಾದ. ಅಕ್ಕನಿಗೆ ಆ ಹೊತ್ತಿನಲ್ಲಿ ಜನ ಇರಲಿಲ್ಲ, ದೀಪ ಇರಲಿಲ್ಲ. ಇವಳನ್ನು ಈಗ ಸೋಲಿಸಬೇಕು, ಅಷ್ಟೇ ಇತ್ತು. ಆ ದೊಡ್ಡ ಸ್ಪೀಕರುಗಳಲ್ಲಿ ತನ್ನ ದನಿ ಹೀಗೆ ಕೇಳಿಸಬಲ್ಲದು ಎಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಆ ಸಿಟ್ಟಿನೊಳಗೇ ಎಲ್ಲೋ ಅವಳಿಗೆ ಹಿಗ್ಗೂ ಆಯಿತು.

ಹಾಡು ಮುಗಿದಾಗ ಎದ್ದ ಸದ್ದಿಗೆ ಗಾಜಿನ ಗೋಡೆ ಅದುರಿತು. ಎಷ್ಟೋ ಜನ ಅಳುತ್ತಿದ್ದರು. ಅಪ್ಪಿಕೊಳ್ಳಿ ಎಂದು ಯಾರೋ ಕೂಗಿದರು, ಎಲ್ಲರೂ ಕೂಗಿದರು. ಅಕ್ಕತಂಗಿಯರು ಎರಡು ಕಪಾಟುಗಳು ಒಂದಕ್ಕೊಂದು ತಾಗಿದ ಹಾಗೆ ಅಪ್ಪಿಕೊಂಡರು.

ಅಕ್ಕ ಕಿವಿಯಲ್ಲಿ ಹೇಳಿದಳು: “ಎರಡನೇ ಚರಣದಲ್ಲಿ ಶ್ರುತಿ ಬಿಟ್ಟೆ.”

“ಗೊತ್ತು” ಎಂದಳು ತಂಗಿ. “ಕೊನೇ ಸಾಲಿಗೆ ನಿನ್ನ ಉಸಿರು ಸಾಲಲಿಲ್ಲ. ಅದೂ ಗೊತ್ತು.”

ಪರದೆ ಬಿದ್ದ ಮೇಲೆ ತಂಗಿ ಬಣ್ಣದ ಕೋಣೆಗೆ ಹೋಗಿ ಬಾಗಿಲನ್ನು ಅಪ್ಪಳಿಸಿದಳು. ತಂಗಿಯ ಗಂಡ ಅತ್ತಿಗೆಯ ಹಿಂದೆಯೇ ಓಡಿಬಂದು, ಎಂಥ ಕೆಲಸ ಮಾಡಿದಿರಿ ಅತ್ತಿಗೆ, ದೇವರು ಬಂದಹಾಗೆ ಬಂದಿರಿ ಎಂದು ಕೈಮುಗಿದ. ಅಕ್ಕ ಸಾಮಾನು ಇಳಿಸುವ ಹಿಂಬಾಗಿಲಲ್ಲಿ ಉಳಿದೊಂದು ಚಪ್ಪಲಿಯನ್ನೂ ಬಿಟ್ಟು ಬರಿಗಾಲಲ್ಲಿ ರಸ್ತೆಗೆ ಬಂದು, ಹೆಬ್ಬೆರಳ ರಕ್ತವನ್ನು ಬಾಯಲ್ಲಿಟ್ಟು ಚೀಪುತ್ತ ಬಸ್ಸಿಗೆ ಕಾದಳು.

ಮರುದಿನ ಬೆಳಗಾಗುವಷ್ಟರಲ್ಲಿ ಆ ವಿಡಿಯೋ ಊರೆಲ್ಲ ಓಡಾಡಿತ್ತು. ಮುನಿದ ಅಕ್ಕತಂಗಿಯರು ಹಾಡಿನಲ್ಲಿ ಒಂದಾದರಂತೆ. ಪಕ್ಕದ ಮನೆಯವರು ಬಂದು ಸಿಹಿ ಕೊಟ್ಟುಹೋದರು. ಬಸ್ ನಿಲ್ದಾಣದಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ಅಕ್ಕನ ಎರಡೂ ಕೈ ಹಿಡಿದು, ತನಗೂ ತನ್ನ ಅಕ್ಕನಿಗೂ ಎಷ್ಟೋ ವರ್ಷದಿಂದ ಮಾತಿರಲಿಲ್ಲವೆಂದೂ, ವಿಡಿಯೋ ನೋಡಿದ ಮೇಲೆ ತಾನೇ ಫೋನ್ ಮಾಡಿದೆನೆಂದೂ ಹೇಳಿಕೊಂಡಳು. ಅದು ಜಗಳ ಕಣಮ್ಮ, ನೋಡು ಉಗುರಿನ ಗಾಯ ಎಂದು ಹೇಳಿಬಿಡುವುದಕ್ಕೆ ಅಕ್ಕನ ಬಾಯಿ ತುರಿಸಿತು. ನಿಮ್ಮ ಅಕ್ಕ ಏನಂದ್ರು ಎಂದು ಮಾತ್ರ ಕೇಳಿದಳು. ಮಾತಾಡಲಿಲ್ಲ, ಬರೀ ಅತ್ತರು ಎಂದಳು ಆ ಹೆಂಗಸು. ಅಕ್ಕ ತನ್ನದಲ್ಲದ ಬಸ್ಸು ಹತ್ತಿಬಿಟ್ಟಳು.

ಅದೇ ವಾರ ಗಾಜಿನ ಸಭಾಂಗಣದ ವ್ಯವಸ್ಥಾಪಕ, ತಂಗಿಯ ಗಂಡ, ಮಾವ ಮೂವರೂ ಮುದ್ರಣಾಲಯದ ಬಣ್ಣದ ಕೋಣೆಗೆ ಬಂದು ಕೂತರು. ಊರೂರಿಗೆ ಜೋಡಿ ಕಾರ್ಯಕ್ರಮ, ಎಲ್ಲ ಕಡೆ ಅಂಥದೇ ಸಭಾಂಗಣ, ಕೊನೆಗೆ ದಡದ ಹಾಡು, ಒಂದೇ ಮೈಕು, ಕೊನೆಯಲ್ಲಿ ಅಪ್ಪುಗೆ. ವ್ಯವಸ್ಥಾಪಕ ಅದನ್ನು ಹೇಳುವಾಗ ಅವನ ಕಣ್ಣೇ ತುಂಬಿಬಂತು. ಮಾವ ಆಸೆಗಣ್ಣಿನಿಂದ ಅಕ್ಕನನ್ನೇ ನೋಡುತ್ತಿದ್ದ. ಕಡ್ಡಿ ಮುರಿದಂತೆ ಆಗಲ್ಲ ಎನ್ನಬೇಕೆಂದಿದ್ದವಳಿಗೆ ಆ ಸ್ಪೀಕರುಗಳ ನೆನಪಾಯಿತು. ಯೋಚನೆ ಮಾಡಿ ಹೇಳ್ತೀನಿ ಎಂದಳು.

ಮೂರು ದಿನ ಅವಳಿಗೆ ಊಟ ರುಚಿಸಲಿಲ್ಲ. ಹಾಡಬೇಕೆಂದು ಆಸೆ, ತಂಗಿಯ ಪಕ್ಕ ನಿಲ್ಲಬೇಕಲ್ಲ ಎಂದು ಹೇಸಿಗೆ. ಒಂದು ಮಧ್ಯಾಹ್ನ ಪಾತ್ರೆ ಒರೆಸುತ್ತಿದ್ದಾಗ ಫೋನ್ ಬಂತು.

“ನಾನು.”

“ಗೊತ್ತಾಯ್ತು” ಎಂದಳು ಅಕ್ಕ. ವೇದಿಕೆಯ ಕೆಳಗೆ, ನಡುವೆ ಯಾರೂ ಇಲ್ಲದೆ ಆ ದನಿ ಕಿವಿಗೆ ಬಿದ್ದು ವರ್ಷಗಳಾಗಿದ್ದವು. ಒದ್ದೆ ಕೈಯಲ್ಲೇ ಗೋಡೆಗೆ ಒರಗಿದಳು.

“ಒಪ್ಕೊಂಡ್ಯಾ?”

“ಇನ್ನೂ ಇಲ್ಲ. ನೀನು?”

“ಇಲ್ಲ. ಎಲ್ಲರೂ ಸೇರಿ ನನ್ನ ತಲೆ ತಿಂತಿದ್ದಾರೆ. ನೀನು ಹೂಂ ಅಂದ್ರೆ ನಾನು ಉಹೂಂ ಅನ್ನೋ ಹಾಗಿಲ್ಲ. ಅದಕ್ಕೇ ಫೋನ್ ಮಾಡಿದೆ. ಆವತ್ತಿನ ಹಾಗೆ ಊರೂರಲ್ಲಿ ಹಾಡೋಕೆ ನನ್ನ ಕೈಲಾಗಲ್ಲ. ನಿನ್ನ ಮೇಲೆ ಅಷ್ಟು ಸಿಟ್ಟು ಪ್ರತಿ ಸಲ ಎಲ್ಲಿಂದ ತರಲಿ? ತಂದರೂ ನಾನು ಉಳಿಯಲ್ಲ.”

ತಾನು ಮೂರು ದಿನದಿಂದ ಹುಡುಕುತ್ತಿದ್ದ ಮಾತನ್ನು ಇವಳು ಸಲೀಸಾಗಿ ಆಡಿಬಿಟ್ಟಳಲ್ಲ ಎಂದು ಅಕ್ಕನಿಗೆ ಮತ್ತೆ ರೇಗಿತು.

“ನನ್ನ ಕೈಲೂ ಆಗಲ್ಲ” ಎಂದಳು. “ಬೇಡ ಅಂತ ಹೇಳ್ತೀನಿ.”

“ಸರಿ. ದಡದ ಹಾಡು ನೀನೇ ಇಟ್ಕೋ. ನಾನಿನ್ನು ಹಾಡಲ್ಲ.”

“ನಿನ್ನ ಭಿಕ್ಷೆ ನನಗೆ ಬೇಡ. ಬೇಕಾದ್ರೆ ಹಾಡ್ಕೋ. ಆ ಜನರ ಕೈಲಿ ಮಾತ್ರ ನನ್ನ ಸಾಲು ಹೇಳಿಸ್ಬೇಡ. ಕೆಟ್ಟದಾಗಿ ಹಾಡ್ತಾರೆ.”

“ಹೌದು, ಕೆಟ್ಟದಾಗೇ ಹಾಡ್ತಾರೆ” ಎಂದಳು ತಂಗಿ. ಫೋನ್ ಇಟ್ಟಳು.

ಸಂಜೆ ಅಕ್ಕ ವ್ಯವಸ್ಥಾಪಕನಿಗೆ ಆಗುವುದಿಲ್ಲವೆಂದು ತಿಳಿಸಿದಳು. ನೀವಿಬ್ಬರೂ ಒಬ್ಬರನ್ನೊಬ್ಬರು ಎಷ್ಟು ಹಚ್ಚಿಕೊಂಡಿದ್ದೀರಿ ಅಂತ ಲೋಕವೇ ನೋಡಿದೆ, ಹೀಗೆ ಮಾಡಬಹುದಾ ಎಂದು ಅವನು ಅಂಗಲಾಚಿದ. ತಂಗಿಯೂ ಆಗಲೇ ಅದನ್ನೇ ಹೇಳಿದ್ದಾಳೆಂದು ಅವನ ಮಾತಿನಿಂದ ಗೊತ್ತಾಯಿತು. ಅಷ್ಟು ವರ್ಷಗಳಲ್ಲಿ ಅಕ್ಕತಂಗಿಯರು ಒಂದು ಮಾತಿಗೆ ಬಂದದ್ದು ಇದೊಂದೇ ಸಲ. ಮಾವನಿಗೆ ಇದನ್ನು ಕೇಳಿ ಹೇಗಾಯಿತೆಂದರೆ, ಇನ್ನು ಇಬ್ಬರಿಗೂ ಬಾರಿಸಲ್ಲ ಎಂದು ಕಡ್ಡಿಗಳನ್ನು ಕತ್ತರಿ ಮೇಡಂ ಮೇಜಿನ ಮೇಲೆ ಇಟ್ಟುಹೋದ. ಹದಿನೈದು ದಿನಕ್ಕೆ ವಾಪಸು ಬಂದು ತೆಗೆದುಕೊಂಡ.

ಆಮೇಲೆ ಅವರು ಜೊತೆಯಾಗಿ ಹಾಡಲಿಲ್ಲ. ತಂಗಿ ದೊಡ್ಡ ಸಭಾಂಗಣಗಳಲ್ಲಿ ಹೊಸ ಹಾಡುಗಳನ್ನು ಹಾಡಿದಳು, ಕೆಲವು ಗೆದ್ದವು, ಕೆಲವು ಬಿದ್ದವು. ಅಕ್ಕ ಆ ವಾರವೇ ಒಬ್ಬಳೇ ಹಾಡುವಂಥ ಹಾಡೊಂದನ್ನು ಕಟ್ಟಲು ಕೂತಳು. ಪ್ರತಿ ಸಾಲಿನ ಕೊನೆಗೂ ಯಾರಿಗೋ ಉತ್ತರ ಕೊಡುವ ಹಾಗೆ ರಾಗ ಕೆಳಕ್ಕೆ ಇಳಿಯುತ್ತಿತ್ತು. ಥತ್ ಎಂದು ಎದ್ದುಹೋದಳು. ಮರುದಿನ ಸಿಟ್ಟು ಆರಿರಲಿಲ್ಲ, ಮತ್ತೆ ಕೂತಳು. ಕೆಳಗಿನ ಮನೆಯವರು ಕೋಲಿನಿಂದ ಚಾವಣಿಗೆ ಕುಟ್ಟಿದರು. ಅಕ್ಕ ಇನ್ನೂ ಜೋರಾಗಿ ಹಾಡಿದಳು.